ಪೊರಕೆಯ ಹಕ್ಕು

ಜೆರುಸಲೆಮಿನ ಪವಿತ್ರ ಸಮಾಧಿ ದೇವಾಲಯದಲ್ಲಿ ಆರು ಕ್ರೈಸ್ತ ಪಂಗಡಗಳಿಗೆ ಪೂಜೆಯ ಹಕ್ಕು ಉಂಟು. ಅದರ ಹೆಬ್ಬಾಗಿಲಿನ ಬೀಗದ ಕೈ ಮಾತ್ರ ಆ ಆರರಲ್ಲಿ ಯಾವೊಂದರ ವಶದಲ್ಲಿಯೂ ಇಲ್ಲ. ಗೇಣಿಗಿಂತಲೂ ಉದ್ದವಾದ ಆ ಕಬ್ಬಿಣದ ಕೈಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವವರು ಜೂದೆ ಎಂಬ ಮುಸಲ್ಮಾನ ಮನೆತನದವರು; ಅದನ್ನು ಬೀಗಕ್ಕಿಟ್ಟು ತಿರುಗಿಸುವ ಅಧಿಕಾರವಿರುವುದು ನುಸೇಬೆ ಎಂಬ ಮತ್ತೊಂದು ಮುಸಲ್ಮಾನ ಮನೆತನಕ್ಕೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ರಾತ್ರಿಯೆಲ್ಲ ಒಳಗೇ ಉಳಿದಿದ್ದ ಸನ್ಯಾಸಿಗಳು ಬಾಗಿಲಿನ ಕಿಂಡಿಯನ್ನು ತೆರೆದು ಅದರ ಮೂಲಕ ಸಣ್ಣ ಮರದ ಏಣಿಯೊಂದನ್ನು ಹೊರಕ್ಕೆ ನೀಡುತ್ತಾರೆ. ಹೊರಗೆ ಕಾದಿರುವ ದ್ವಾರಪಾಲಕನು ಅದನ್ನು ಬಾಗಿಲಿಗೆ ಒರಗಿಸಿ, ಮೇಲಕ್ಕೇರಿ, ಎತ್ತರದಲ್ಲಿರುವ ಬೀಗವನ್ನು ತೆಗೆದು ಇಳಿದ ಮೇಲೆಯೇ ಕ್ರೈಸ್ತಲೋಕದ ಪರಮಪವಿತ್ರವೆನಿಸಿದ ಆಲಯದ ಕದ ತೆರೆಯುವುದು. ಸಲಾಹುದ್ದೀನನು 1187ರಲ್ಲಿ ನಗರವನ್ನು ಗೆದ್ದಂದಿನಿಂದ ಈ ಕರ್ತವ್ಯ ತಮಗೆ ಬಂದಿದೆಯೆಂದು ಒಂದು ಮನೆತನದವರೂ, ಅದಕ್ಕೂ ಐದೂವರೆ ಶತಮಾನ ಮೊದಲು ಖಲೀಫ ಉಮರನ ಕಾಲದಲ್ಲಿಯೇ ಬಂದಿತೆಂದು ಇನ್ನೊಂದು ಮನೆತನದವರೂ ಹೇಳಿಕೊಳ್ಳುತ್ತಾರೆ. ನೋಡಿರಿ, ಬಾಗಿಲು ಕಾಯುವುದರಲ್ಲಿಯೂ ಹಿರಿತನದ ಪ್ರಶ್ನೆ ಉಂಟು.

ಪ್ರವಾಸಿಗಳಿಗೆ ಈ ದೃಶ್ಯವನ್ನು ತೋರಿಸುವವರು ಇದನ್ನು ಮತಸೌಹಾರ್ದದ ಉದಾಹರಣೆಯೆಂದು ವರ್ಣಿಸುವುದು ವಾಡಿಕೆ. ಕ್ರೈಸ್ತರು ಪರಸ್ಪರರನ್ನು ನಂಬಲಾರದೆ ಬೀಗದ ಕೈಯನ್ನು ಅನ್ಯಮತದವರಿಗೆ ಒಪ್ಪಿಸಿದರೆಂದು ವ್ಯಂಗ್ಯವಾಗಿ ಹೇಳುವವರೂ ಇದ್ದಾರೆ. ಎರಡು ಮಾತೂ ಸುಳ್ಳಲ್ಲ, ಎರಡೂ ಪೂರ್ಣವಲ್ಲ. ನನಗೆ ಇದರಲ್ಲಿ ಮುಖ್ಯವೆಂದು ತೋರುವುದು ಬೇರೆ: ಜೆರುಸಲೆಮಿನಲ್ಲಿ ಮತಗಳ ಮತ್ಸರವು ದೇವರ ಸ್ವರೂಪವನ್ನೋ ಮೋಕ್ಷದ ಮಾರ್ಗವನ್ನೋ ಕುರಿತ ವಾದದಲ್ಲಿ ಪ್ರಕಟವಾಗುವುದು ಬಹು ಅಪೂರ್ವ, ಅದು ಕಾಣಿಸಿಕೊಳ್ಳುವುದು ಬೀಗ, ಏಣಿ, ದೀಪ, ಕುರ್ಚಿ, ಪೊರಕೆ ಮೊದಲಾದ ಅತ್ಯಲ್ಪ ಪದಾರ್ಥಗಳಲ್ಲಿ. ಈ ಅಲ್ಪತ್ವವನ್ನು ಕಂಡು ನಗುವುದು ಸುಲಭ. ಆದರೆ ಇದೇ ಬಗೆಯ ಅಲ್ಪಪದಾರ್ಥಗಳ ಜಗಳಗಳಲ್ಲಿ ಕೆಲವು ಮೂಗಿನ ರಕ್ತದಲ್ಲಿ ಮುಗಿದವು, ಕೆಲವು ಸಾವಿರಾರು, ಲಕ್ಷಾಂತರ ಜನರ ಪ್ರಾಣವನ್ನು ತೆಗೆದುಕೊಂಡವು. ಆ ವ್ಯತ್ಯಾಸ ಎಲ್ಲಿಂದ ಬಂದಿತೆಂಬುದು ವಿಚಾರಿಸತಕ್ಕ ವಿಷಯ.

ಒಟ್ಟೋಮನ್ ಸುಲ್ತಾನ ಸುಲೈಮಾನನು 1537ರಿಂದ 1541ರವರೆಗೆ ಕಟ್ಟಿಸಿದ ಕೋಟೆಗೋಡೆಯ ಒಳಗಿನ ಹಳೆಯ ನಗರದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ. ಅಷ್ಟು ಇಕ್ಕಟ್ಟಿನಲ್ಲಿ ಯೆಹೂದ್ಯರ ಪುರಾತನ ದೇವಾಲಯದ ಪಶ್ಚಿಮ ಗೋಡೆ, ಕ್ರಿಸ್ತನ ಶಿಲುಬೆಯ ದಿಬ್ಬವೂ ಸಮಾಧಿಯೂ ಒಂದೇ ಸೂರಿನಡಿ ಇರುವ ಆಲಯ, ಮುಸಲ್ಮಾನರಿಗೆ ಮೆಕ್ಕಾ ಮದೀನಗಳ ತರುವಾಯ ಪವಿತ್ರತಮವಾದ ಹರಮ್ ಅಲ್ ಶರೀಫ್, ಇವು ಮೂರೂ ಕೂಗಿದರೆ ಕೇಳುವಷ್ಟು ಸಮೀಪದಲ್ಲಿವೆ. ಇಲ್ಲಿ ಗೆದ್ದವನು ಸೋತವನ ದೇವಸ್ಥಾನದ ಮೇಲೆ ತನ್ನ ದೇವರನ್ನು ನಿಲ್ಲಿಸುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿತ್ತು. ಕ್ರಿ.ಶ. 70ರಲ್ಲಿ ರೋಮನರು ಯೆಹೂದ್ಯರ ದೇವಾಲಯವನ್ನು ಸುಟ್ಟರು. ಹೇಡ್ರಿಯನ್ ಚಕ್ರವರ್ತಿ ನಗರದ ಹೆಸರನ್ನೇ ಅಳಿಸಿ ರೋಮನ್ ದೇವತೆಗಳಿಗೆ ಗುಡಿ ಕಟ್ಟಿಸಿದನು. ಆ ಗುಡಿಗಳಲ್ಲೊಂದನ್ನು ಕೆಡವಿಸಿ ಚಕ್ರವರ್ತಿ ಕಾನ್‌ಸ್ಟಂಟೈನನು ಎಬ್ಬಿಸಿದ ಸಮಾಧಿ ದೇವಾಲಯ 335ರಲ್ಲಿ ಪ್ರತಿಷ್ಠೆಗೊಂಡಿತು. ಅದನ್ನು 614ರಲ್ಲಿ ಪಾರಸೀಕರು ಸುಟ್ಟರು, 1009ರಲ್ಲಿ ಫಾತಿಮಿ ಖಲೀಫ ಅಲ್ ಹಾಕಿಮನು ಬುಡಸಮೇತ ಕೆಡವಿಸಿದನು. 1099ರ ಜುಲೈಯಲ್ಲಿ ಶಿಲುಬೆಯೋಧರು ಒಳನುಗ್ಗಿ ಮುಸಲ್ಮಾನರನ್ನೂ ಯೆಹೂದ್ಯರನ್ನೂ ಹತ್ಯೆಗೈದ ವೃತ್ತಾಂತವನ್ನು ಆ ಪಕ್ಷದ ಲೇಖಕರೇ ಹೆಮ್ಮೆಯಿಂದ ಬರೆದಿಟ್ಟಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ.

ಈ ದೀರ್ಘ ಪರಂಪರೆಯಲ್ಲಿ ಒಂದು ಸಣ್ಣ ಪ್ರಸಂಗ ನಮ್ಮ ವಿಷಯಕ್ಕೆ ಕೀಲಿನಂತಿದೆ. ಏಳನೆಯ ಶತಮಾನದಲ್ಲಿ ನಗರ ಅರಬರ ವಶವಾದಾಗ ಖಲೀಫ ಉಮರನು ಸೊಫ್ರೋನಿಯಸ್ ಎಂಬ ಕ್ರೈಸ್ತ ಮಹಾಗುರುವಿನ ಜೊತೆಯಲ್ಲಿ ಸಮಾಧಿ ದೇವಾಲಯವನ್ನು ನೋಡುತ್ತಿದ್ದ ಹೊತ್ತಿಗೆ ನಮಾಜಿನ ವೇಳೆಯಾಯಿತಂತೆ. ಒಳಗೇ ಮಾಡಬಹುದೆಂದು ಗುರು ಆಹ್ವಾನಿಸಿದರೂ ಖಲೀಫನು ಹೊರಗೆ ಹೋಗಿ ಮಾಡಿದನೆಂದೂ, ತಾನು ಇಲ್ಲಿ ಮಂಡಿಯೂರಿದರೆ ನಾಳೆ ತನ್ನವರು ಅದನ್ನೇ ನೆಪಮಾಡಿಕೊಂಡು ಈ ಆಲಯವನ್ನು ಕಸಿದುಕೊಂಡಾರೆಂದು ಕಾರಣ ಹೇಳಿದನೆಂದೂ ಐತಿಹ್ಯವಿದೆ. ಇದನ್ನು ಬರೆದಿಟ್ಟವರು ಬಹುಕಾಲ ತರುವಾಯದ ಕ್ರೈಸ್ತ ಲೇಖಕರಾದುದರಿಂದ ಅಕ್ಷರಶಃ ಇತಿಹಾಸವೆಂದು ಹಿಡಿಯಬೇಕಾಗಿಲ್ಲ. ಆದರೆ ಆ ಊರಿನ ನ್ಯಾಯವನ್ನು ಆ ಕಥೆ ಕಟ್ಟಿದವರು ಚೆನ್ನಾಗಿ ಅರಿತಿದ್ದರು: ಇಲ್ಲಿ ಪ್ರಾರ್ಥನೆಯೆಂಬುದು ದೇವರಿಗೆ ಸಲ್ಲುವುದಕ್ಕೆ ಮುಂಚೆ ನೆಲದ ಪತ್ರವಾಗಿಬಿಡುತ್ತದೆ.

ಆ ನ್ಯಾಯವೇ ಕ್ರಮೇಣ ಶಾಸನವಾಯಿತು. ಒಟ್ಟೋಮನರ ಆಳ್ವಿಕೆಯಲ್ಲಿ ಆರ್ಥೊಡಾಕ್ಸ್ ಪಂಗಡದವರಾದ ಗ್ರೀಕರೂ ರೋಮಿನ ಪೋಪರ ಅನುಯಾಯಿಗಳಾದ ಲ್ಯಾಟಿನರೂ ಆರ್ಮೇನಿಯನರೂ ಇಸ್ತಾಂಬುಲಿನ ಅರಮನೆಗೆ ಕಾಣಿಕೆಯನ್ನೂ ಶಿಫಾರಸನ್ನೂ ಒಯ್ದು ಒಬ್ಬರ ಹಕ್ಕನ್ನು ಇನ್ನೊಬ್ಬರು ತಪ್ಪಿಸುತ್ತ ಬಂದರು. 1757ರ ಫರ್ಮಾನು ಹೆಚ್ಚಿನ ಭಾಗವನ್ನು ಗ್ರೀಕರಿಗೆ ಅನುಕೂಲವಾಗಿ ವಿಂಗಡಿಸಿತು. 1852ರಲ್ಲಿ ಸುಲ್ತಾನ ಅಬ್ದುಲ್ ಮಜೀದನು, ಇನ್ನು ಯಾರೂ ಏನನ್ನೂ ಬದಲಿಸಕೂಡದು, ಈಗ ಇರುವಂತೆಯೇ ಇರತಕ್ಕದ್ದು ಎಂದು ವಿಧಿಸಿದನು. ಇದಕ್ಕೆ ಯಥಾಸ್ಥಿತಿಯೆಂದು ಹೆಸರು. 1878ರ ಬರ್ಲಿನ್ ಒಪ್ಪಂದದಲ್ಲಿ ಯುರೋಪಿನ ಮಹಾಶಕ್ತಿಗಳೆಲ್ಲ ಅದಕ್ಕೆ ರುಜು ಹಾಕಿದುವು. ತುರ್ಕರು ಹೋದರು, ಆಂಗ್ಲರು ಬಂದು ಹೋದರು, ಜೋರ್ಡಾನಿನವರು ಹತ್ತೊಂಬತ್ತು ವರ್ಷ ಆಳಿದರು, ಇಸ್ರೇಲಿನವರು ಬಂದರು. ಒಬ್ಬರೂ ಆ ಫರ್ಮಾನನ್ನು ಮುಟ್ಟುವ ಧೈರ್ಯ ಮಾಡಲಿಲ್ಲ.

ಆಂಗ್ಲರ ಕಾಲದಲ್ಲಿ ಎಲ್.ಜಿ.ಎ. ಕಸ್ಟ್ ಎಂಬ ಅಧಿಕಾರಿ 1929ರಲ್ಲಿ ಈ ಸ್ಥಳಗಳ ವಹಿವಾಟನ್ನೆಲ್ಲ ಕ್ರೋಡೀಕರಿಸಿ ಸರಕಾರದ ಉಪಯೋಗಕ್ಕೆಂದು ಒಂದು ಪುಸ್ತಿಕೆಯನ್ನು ಸಿದ್ಧಪಡಿಸಿದನು. ಅದರಲ್ಲಿ ನಿರೂಪಿತವಾದ ಮೂಲಸೂತ್ರಗಳು ಎರಡು. ಒಂದು ಛಾವಣಿಯನ್ನೋ ನೆಲವನ್ನೋ ರಿಪೇರಿ ಮಾಡುವವನು ಅದರ ಒಡೆಯನೆನಿಸುತ್ತಾನೆ. ಒಂದು ಕಂಬಕ್ಕೆ ದೀಪವನ್ನೋ ಪಟವನ್ನೋ ತೂಗುಹಾಕುವ ಅಧಿಕಾರವುಳ್ಳವನಿಗೆ ಆ ಕಂಬವೇ ಸ್ವಂತ. ಆದುದರಿಂದ ಅಲ್ಲಿ ದೀಪಗಳನ್ನು ಎಣಿಸಿ ಇಡಲಾಗಿದೆ: ಸಮಾಧಿಯ ಒಳಕೋಣೆಯಲ್ಲಿ ತೂಗುವ 43 ದೀಪಗಳಲ್ಲಿ ಗ್ರೀಕರವು 13, ಲ್ಯಾಟಿನರವು 13, ಆರ್ಮೇನಿಯನರವು 13, ಈಜಿಪ್ಟಿನ ಕಾಪ್ಟ್ ಪಂಗಡದವರವು ನಾಲ್ಕು. ಅಂಗಳದಿಂದ ಲ್ಯಾಟಿನರ ಪ್ರಾರ್ಥನಾಮಂದಿರವೊಂದಕ್ಕೆ ಏರುವ ಮೆಟ್ಟಿಲುಗಳಿವೆ. ಅಂಗಳವನ್ನು ಗುಡಿಸುವವರು ಗ್ರೀಕರು, ಮೆಟ್ಟಿಲುಗಳನ್ನು ಗುಡಿಸುವವರು ಲ್ಯಾಟಿನರು. ಅಂಗಳದ ಮಟ್ಟದಿಂದ ಮೇಲೆದ್ದಿತೋ ಇಲ್ಲವೋ ಎಂಬಂತಿರುವ ಕಟ್ಟಕಡೆಯ ಮೆಟ್ಟಿಲು ಮೆಟ್ಟಿಲೇ ಅಥವಾ ಅಂಗಳವೇ ಎಂಬ ಪ್ರಶ್ನೆಯ ಮೇಲೆ 1901ರಲ್ಲಿ ಇಬ್ಬರಿಗೂ ರಕ್ತ ಹರಿಯುವಷ್ಟು ಹೊಡೆದಾಟವಾಯಿತು. ಲ್ಯಾಟಿನರು ದಿನವೂ ಮುಂಜಾನೆ ಅದನ್ನು ಗುಡಿಸುವುದು, ಗ್ರೀಕರು ಅಂಗಳ ಗುಡಿಸುವಾಗ ಅದನ್ನೂ ಸೇರಿಸಿ ಗುಡಿಸುವುದು ಎಂದು ಕೊನೆಗೆ ಏರ್ಪಾಟಾಯಿತು. ಕ್ರೈಸ್ತಲೋಕದಲ್ಲಿ ಅಷ್ಟು ಶುಭ್ರವಾದ ಮೆಟ್ಟಿಲು ಮತ್ತೊಂದಿರಲಾರದು.

ಹೆಬ್ಬಾಗಿಲಿನ ಮೇಲೆ, ಎರಡನೆಯ ಅಂತಸ್ತಿನ ಕಿಟಕಿಯ ಕೆಳಗಣ ಚಾಚುಗಲ್ಲಿನ ಮೇಲೆ ಇನ್ನೊಂದು ಏಣಿ ಇದೆ. ಐದಾರು ಹಲ್ಲುಗಳ ಸಾಧಾರಣ ಮರದ ಏಣಿ. ಬಡಗಿಯೊಬ್ಬನು ಮಧ್ಯಾಹ್ನದ ಊಟಕ್ಕೆ ಹೋದವನು ಬಿಟ್ಟುಹೋದಂತೆ ಕಾಣುತ್ತದೆ. 1728ರ ಕೆತ್ತನೆಯ ಚಿತ್ರವೊಂದರಲ್ಲಿಯೂ ಅದು ಅಲ್ಲಿಯೇ ಇದೆ, ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳಲ್ಲಿಯೂ ಅಲ್ಲಿಯೇ ಇದೆ, ಇಂದಿಗೂ ಅಲ್ಲಿಯೇ ಇದೆ. ಇಟ್ಟವರು ಯಾತಕ್ಕಾಗಿ ಇಟ್ಟರೆಂಬುದನ್ನು ಕುರಿತು ಕಥೆಗಳು ಹಲವು; ತೆಗೆಯದಿರುವುದಕ್ಕೆ ಕಾರಣವೊಂದೇ: ಎಲ್ಲರ ಸಮ್ಮತಿಯಿಲ್ಲದೆ ಅದನ್ನು ಕದಲಿಸಿದರೆ ಚಾಚುಗಲ್ಲು ಯಾರದೆಂಬ ಪ್ರಶ್ನೆ ಏಳುತ್ತದೆ.

ಇದನ್ನು ಓದಿ ನಗುವ ಮೊದಲು ನಮ್ಮ ದಕ್ಷಿಣದೇಶದ ದೇವಸ್ಥಾನಗಳಲ್ಲಿ ಶ್ರೀವೈಷ್ಣವರ ಎರಡು ಪಂಗಡಗಳಾದ ವಡಗಲೆಯವರಿಗೂ ತೆಂಗಲೆಯವರಿಗೂ ನಾಮದ ಆಕಾರ, ಪಾರಾಯಣದ ಪಾಳಿ ಇವುಗಳ ವಿಷಯದಲ್ಲಿ ನಡೆದ ವ್ಯಾಜ್ಯಗಳು ಎಷ್ಟು ಕೋರ್ಟುಗಳ ಮೆಟ್ಟಿಲು ಸವೆಸಿವೆಯೆಂಬುದನ್ನು ನೆನೆದುಕೊಳ್ಳುವುದು ಒಳ್ಳೆಯದು. ಅಲ್ಲದೆ ಯಥಾಸ್ಥಿತಿಯ ಕಟ್ಟಳೆ ಕೇವಲ ಮೂರ್ಖತನವಲ್ಲ. ಪರಸ್ಪರ ದ್ವೇಷಿಸುವವರು ಒಂದೇ ಮನೆಯಲ್ಲಿ ಬಾಳಬೇಕಾಗಿ ಬಂದಾಗ, ದ್ವೇಷವನ್ನು ಬಿಡಿರೆಂದು ಬೋಧಿಸದೆ, ದ್ವೇಷಕ್ಕೆ ಒಂದು ವೇಳಾಪಟ್ಟಿಯನ್ನು ಹಾಕಿಕೊಟ್ಟದ್ದು ಅದರ ಜಾಣತನ. ಅದಕ್ಕೆ ತೆತ್ತ ಬೆಲೆಯೆಂದರೆ ಕಟ್ಟಡದ ಆರೋಗ್ಯ. 1808ರ ಬೆಂಕಿಯಲ್ಲಿ ಗುಮ್ಮಟ ಕುಸಿದು ಸಮಾಧಿಯ ಮಂಟಪ ಹಾಳಾದಾಗ ಗ್ರೀಕರು ಸುಲ್ತಾನನ ಅಪ್ಪಣೆ ಪಡೆದು 1810ರ ಹೊತ್ತಿಗೆ ಎಲ್ಲವನ್ನೂ ತಾವೇ ಕಟ್ಟಿದರು. ರಿಪೇರಿಯ ಸೂತ್ರದಂತೆ ಅದರ ಫಲವನ್ನೂ ಪಡೆದರು. ಆಮೇಲಿನವರು ಇದರಿಂದ ಪಾಠ ಕಲಿತು ಯಾರನ್ನೂ ರಿಪೇರಿ ಮಾಡಗೊಡದಾದರು. 1927ರ ಭೂಕಂಪದ ತರುವಾಯ ಮಂಟಪ ಹೊರಕ್ಕೆ ಉಬ್ಬುತ್ತ ಬಂದರೂ ಒಮ್ಮತವಾಗಲಿಲ್ಲ. 1947ರಲ್ಲಿ, ತಾವು ಗಂಟುಮೂಟೆ ಕಟ್ಟುವ ಹಿಂದಿನ ವರ್ಷ, ಆಂಗ್ಲರು ಅದರ ಸುತ್ತ ಕಬ್ಬಿಣದ ತೊಲೆಗಳ ಪಂಜರವೊಂದನ್ನು ಬಿಗಿದುಹೋದರು. ಆ ಪಂಜರ ಎಪ್ಪತ್ತು ವರ್ಷ ಇದ್ದಿತು. 2015ರಲ್ಲಿ ಇಸ್ರೇಲಿ ಪೊಲೀಸರು ಮಂಟಪ ಅಪಾಯಕರವೆಂದು ಕೆಲವು ಗಂಟೆಗಳ ಕಾಲ ಮುಚ್ಚಿಸಿದ ಮೇಲೆ, ಅನ್ಯರು ಕೈಹಾಕುವುದಕ್ಕಿಂತ ತಾವೇ ಒಪ್ಪಿಕೊಳ್ಳುವುದು ಲೇಸೆಂದು ಗ್ರೀಕರು, ಲ್ಯಾಟಿನರು, ಆರ್ಮೇನಿಯನರು ಮೂವರಿಗೂ ತೋರಿತು. ಅಥೆನ್ಸಿನ ತಾಂತ್ರಿಕ ವಿಶ್ವವಿದ್ಯಾಲಯದ ತಜ್ಞರು 2016ರಲ್ಲಿ ಕೆಲಸ ಹಿಡಿದು 2017ರ ಮಾರ್ಚಿನಲ್ಲಿ ಮುಗಿಸಿದರು. ಸಮೀಪದಲ್ಲಿಯೇ ಇರುವ ನಿಕೊದೇಮನ ಪ್ರಾರ್ಥನಾಮಂದಿರಕ್ಕೆ ಆ ಭಾಗ್ಯವಿನ್ನೂ ಬಂದಿಲ್ಲ. ಅಲ್ಲಿ ಪೂಜೆ ನಡೆಸುವ ಸಿರಿಯನ್ ಪಂಗಡದವರಿಗೂ ಒಡೆತನ ತಮ್ಮದೆನ್ನುವ ಆರ್ಮೇನಿಯನರಿಗೂ ತೀರ್ಮಾನವಾಗದೆ, ಮಸಿ ಹಿಡಿದ ಗೋಡೆ, ಕಿತ್ತುಬಂದ ಗಾರೆ ಹಾಗೆಯೇ ಉಳಿದಿವೆ.

ಇವೆಲ್ಲ ಮಠದ ಜಗಳಗಳು. 2008ರ ನವೆಂಬರಿನಲ್ಲಿ ಆರ್ಮೇನಿಯನರ ಮೆರವಣಿಗೆಯ ಕಾಲದಲ್ಲಿ ಗ್ರೀಕ್ ಸನ್ಯಾಸಿಯೊಬ್ಬನು ಸಮಾಧಿಯ ಒಳಗೆ ಇರತಕ್ಕದ್ದೋ ಇರಕೂಡದೋ ಎಂಬ ವಿಷಯಕ್ಕೆ ನಿಲುವಂಗಿಯ ಗುರುಗಳು ಮೇಣದಬತ್ತಿಯ ಕಂಬಗಳನ್ನು ಕಿತ್ತುಕೊಂಡು ಬಡಿದಾಡಿದರು. ಪೊಲೀಸರು ಆ ಕಡೆಗೊಬ್ಬ ಈ ಕಡೆಗೊಬ್ಬನಂತೆ ಇಬ್ಬರನ್ನು ಹಿಡಿದೊಯ್ದರು. 2011ರ ಡಿಸೆಂಬರಿನಲ್ಲಿ ಬೆತ್ಲೆಹೇಮಿನ ಜನನಾಲಯದಲ್ಲಿ ಕ್ರಿಸ್‌ಮಸ್ಸಿಗಾಗಿ ಕಸ ಹೊಡೆಯುತ್ತಿದ್ದ ಗ್ರೀಕರೂ ಆರ್ಮೇನಿಯನರೂ ನೂರರಷ್ಟು ಜನ ಪೊರಕೆಗಳಿಂದಲೇ ಹೊಡೆದಾಡಿದರು. ಪ್ಯಾಲೆಸ್ಟೈನಿನ ಪೊಲೀಸರು ಲಾಠಿ ಹಿಡಿದು ಬಂದು ಬಿಡಿಸಿದರು. ಮರುದಿನ ಎರಡು ಪಕ್ಷಗಳೂ ತಂತಮ್ಮ ಪಾಳಿಯ ಪೂಜೆಗೆ ಹೋದವು. ಜಗತ್ತಿನಲ್ಲಿ ಏನೂ ಆಗಲಿಲ್ಲ.

ಆದರೆ ಅದೇ ಬೆತ್ಲೆಹೇಮಿನ ಆಲಯದಲ್ಲಿ 1847ರಲ್ಲಿ ನಡೆದುದನ್ನು ನೋಡಿ. ಕ್ರಿಸ್ತನು ಹುಟ್ಟಿದನೆಂದು ಹೇಳುವ ಗುಹೆಯ ನೆಲದಲ್ಲಿ ಲ್ಯಾಟಿನ್ ಭಾಷೆಯ ಬರಹವುಳ್ಳ ಬೆಳ್ಳಿಯ ನಕ್ಷತ್ರವೊಂದಿತ್ತು. ಒಂದು ದಿನ ಅದು ಮಾಯವಾಯಿತು. ಗ್ರೀಕರು ಕಿತ್ತರೆಂದು ಲ್ಯಾಟಿನರು ದೂರಿದರು. ನಕ್ಷತ್ರದ ಬೆಲೆ ಹೆಚ್ಚಿನದಲ್ಲ, ಆದರೆ ಲ್ಯಾಟಿನರ ಹಿಂದೆ ಫ್ರಾನ್ಸ್ ನಿಂತಿತ್ತು, ಗ್ರೀಕರ ಹಿಂದೆ ರಷ್ಯ ನಿಂತಿತ್ತು. ಸ್ವದೇಶದ ಕ್ಯಾಥೊಲಿಕರ ಬೆಂಬಲದ ಅಗತ್ಯವಿದ್ದ ಫ್ರಾನ್ಸಿನ ಲೂಯಿ ನೆಪೋಲಿಯನನು 1740ರ ಹಳೆಯ ಕರಾರೊಂದನ್ನು ಹೊರತೆಗೆದು ಸುಲ್ತಾನನನ್ನು ಒತ್ತಾಯಿಸಿದನು. 1852ರ ಕೊನೆಗೆ ಬೆತ್ಲೆಹೇಮಿನ ಹೆಬ್ಬಾಗಿಲಿನ ಬೀಗದ ಕೈ ಲ್ಯಾಟಿನರ ಕೈಸೇರಿತು. ಅದನ್ನು ತನಗಾದ ಅಪಮಾನವೆಂದೆಣಿಸಿದ ರಷ್ಯದ ಚಕ್ರವರ್ತಿ ಒಂದನೆಯ ನಿಕೊಲಾಸನು ರಾಜಕುಮಾರ ಮೆನ್ಷಿಕೋವನನ್ನು ಇಸ್ತಾಂಬುಲಿಗೆ ಅಟ್ಟಿದನು. ಪಠ್ಯಪುಸ್ತಕಗಳಲ್ಲಿ ಈ ಬೀಗದ ಕೈಯಿಂದ ನೇರವಾಗಿ ಕ್ರಿಮಿಯದ ಯುದ್ಧಕ್ಕೆ ಹಾರಿಬಿಡುತ್ತಾರೆ. ನಡುವೆ ಒಂದು ಸಂಗತಿಯನ್ನು ಬಿಡುತ್ತಾರೆ. ಇಂಗ್ಲೆಂಡಿನ ರಾಯಭಾರಿ ಸ್ಟ್ರಾಟ್‌ಫರ್ಡ್‌ನ ಮಧ್ಯಸ್ಥಿಕೆಯಿಂದ ಪುಣ್ಯಸ್ಥಳಗಳ ವ್ಯಾಜ್ಯ 1853ರ ಮೇ ತಿಂಗಳ ಆರಂಭದಲ್ಲಿಯೇ ಇತ್ಯರ್ಥವಾಗಿಹೋಗಿತ್ತು! ನಕ್ಷತ್ರ, ಬೀಗದ ಕೈ, ಗುಮ್ಮಟದ ರಿಪೇರಿ ಇವು ಒಂದೂ ಬಾಕಿಯಿರಲಿಲ್ಲ. ಆಗ ಮೆನ್ಷಿಕೋವನು ಮುಂದಿಟ್ಟ ಬೇಡಿಕೆಯೆಂದರೆ ಸುಲ್ತಾನನ ರಾಜ್ಯದಲ್ಲಿದ್ದ ಲಕ್ಷಾಂತರ ಆರ್ಥೊಡಾಕ್ಸ್ ಪ್ರಜೆಗಳೆಲ್ಲರ ಮೇಲೆ ರಷ್ಯದ ಪೋಷಕತ್ವವನ್ನು ಲಿಖಿತವಾಗಿ ಒಪ್ಪಬೇಕೆಂಬುದು. ಅದನ್ನು ಸುಲ್ತಾನನು ನಿರಾಕರಿಸಿದನು, ಯುದ್ಧವಾಯಿತು, ಲಕ್ಷಗಟ್ಟಲೆ ಸೈನಿಕರು, ಗುಂಡಿಗಿಂತ ಹೆಚ್ಚಾಗಿ ರೋಗದಿಂದ, ಸತ್ತರು. ಸನ್ಯಾಸಿಗಳ ಜಗಳ ಮುಗಿದ ಮೇಲೆಯೂ ಅದರ ಹೆಸರಿನಲ್ಲಿ ನಡೆದ ಯುದ್ಧವದು.

1917ರ ಡಿಸೆಂಬರಿನಲ್ಲಿ ತುರ್ಕರಿಂದ ನಗರವನ್ನು ಗೆದ್ದ ಸೇನಾಧಿಪತಿ ಅಲೆನ್‌ಬಿ ಕುದುರೆಯಿಂದಿಳಿದು ಯಾಫಾ ಬಾಗಿಲಿನಿಂದ ಕಾಲ್ನಡಿಗೆಯಲ್ಲಿ ಒಳಹೊಕ್ಕನು. ಹರಮ್ ಆವರಣದ ಕಾವಲಿಗೆ ಭಾರತದ ಮುಸಲ್ಮಾನ ಸಿಪಾಯಿಗಳನ್ನೇ ನಿಲ್ಲಿಸಿದನು. ಮರುವರ್ಷ ಇದೇ ಸೇನಾಕಾರ್ಯದಲ್ಲಿ, ಸೆಪ್ಟೆಂಬರ್ 23ರಂದು, ಹೈಫಾ ಬಂದರನ್ನು ಹಿಡಿದವರು ಜೋಧಪುರದ ಮತ್ತು ನಮ್ಮ ಮೈಸೂರಿನ ಲ್ಯಾನ್ಸರ್ಸ್ ಪಡೆಯ ರಾವುತರು. ಅನ್ಯರ ಪುಣ್ಯಕ್ಷೇತ್ರಕ್ಕಾಗಿ ಮೂರನೆಯವರು ಕಾದಾಡುವ ಆ ದೀರ್ಘ ಕಥೆಯಲ್ಲಿ ಕನ್ನಡನಾಡಿನವರಿಗೂ ಒಂದು ಸಾಲು ದೊರೆತುದು ಹೀಗೆ.

ಕಾಲ್ನಡಿಗೆಯ ವಿನಯವೇನೋ ಪ್ರಶಂಸನೀಯವೇ; ಆದರೆ ಆಂಗ್ಲರು ಅದೇ ದೇಶವನ್ನು ಕುರಿತು ಅರಬರಿಗೂ ಯೆಹೂದ್ಯರಿಗೂ ಬೇರೆ ಬೇರೆ ಆಶೆಗಳನ್ನು ಹುಟ್ಟಿಸಿಯಾಗಿತ್ತು. ಅದರ ಫಲ ತೋರಿಬಂದುದು ಪಶ್ಚಿಮ ಗೋಡೆಯ ಮುಂದೆ. ಆಗ ಅಲ್ಲಿ ಇಂದಿನ ವಿಶಾಲವಾದ ಚೌಕವಿರಲಿಲ್ಲ. ಸುಮಾರು 28 ಮೀಟರ್ ಉದ್ದ, ನಾಲ್ಕು ಮೀಟರಿಗೂ ಕಡಿಮೆ ಅಗಲದ ಒಂದು ಓಣಿ. ಒಂದು ಮಗ್ಗುಲಿಗೆ ಗೋಡೆ, ಇನ್ನೊಂದು ಮಗ್ಗುಲಿಗೆ ಮೊರೊಕ್ಕೊ ಮೂಲದ ಮುಸಲ್ಮಾನರ ಮನೆಗಳು. ಗೋಡೆಯೂ ಓಣಿಯೂ ವಕ್ಫಿನ ಆಸ್ತಿ. ಪ್ರಾರ್ಥಿಸುವುದಕ್ಕೆ ಬರುವ ವಾಡಿಕೆ ಯೆಹೂದ್ಯರದು. ನಿಂತು ಅತ್ತುಕೊಳ್ಳಬಹುದು, ಕುರ್ಚಿ ಬೆಂಚು ತರಕೂಡದೆಂದು ತುರ್ಕರೇ ನಿರ್ಬಂಧಿಸಿದ್ದರು. ಏಕೆಂದರೆ ಇಂದು ಕುರ್ಚಿ, ನಾಳೆ ಮಾಡು, ನಾಡಿದ್ದು ಮಂದಿರ. 1928ರ ಸೆಪ್ಟೆಂಬರಿನಲ್ಲಿ, ಯೋಮ್ ಕಿಪ್ಪುರ್ ಎಂಬ ಉಪವಾಸದ ಹಬ್ಬಕ್ಕಾಗಿ, ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುವ ಮರದ ಚೌಕಟ್ಟಿನ ಬಟ್ಟೆಯ ಪರದೆಯೊಂದನ್ನು ಓಣಿಯಲ್ಲಿ ನಿಲ್ಲಿಸಲಾಯಿತು. ಅದು ಯಥಾಸ್ಥಿತಿಗೆ ಭಂಗವೆಂದು ಮುಸಲ್ಮಾನರು ದೂರಿತ್ತರು. ತೆಗೆಯಿರೆಂದ ಅಪ್ಪಣೆ ಪಾಲಿಸಲ್ಪಡದೆ ಹೋದಾಗ ಪೊಲೀಸರು ಪ್ರಾರ್ಥನೆಯ ನಡುವೆಯೇ ನುಗ್ಗಿ ಪರದೆಯನ್ನು ಕಿತ್ತರು. ಬಟ್ಟೆಯ ತುಂಡೊಂದು ಒಂದು ವರ್ಷದೊಳಗೆ ಎರಡು ರಾಷ್ಟ್ರೀಯ ಚಳವಳಿಗಳ ಧ್ವಜವಾಯಿತು. ಜೆರುಸಲೆಮಿನ ಮುಫ್ತಿ ಅಮೀನ್ ಅಲ್ ಹುಸೇನಿಯವರ ಪಕ್ಷದವರು ಹರಮ್ ಆವರಣದ ಅಲ್ ಅಕ್ಸಾ ಮಸೀದಿಗೆ ಗಂಡಾಂತರವೆಂದು ಸಾರಿದರು. 1929ರ ಆಗಸ್ಟಿನಲ್ಲಿ ಯೆಹೂದಿ ತರುಣರು ಗೋಡೆಯೆದುರು ಬಾವುಟ ಹಾರಿಸಿದರು. ಅದೇ ತಿಂಗಳ 23ರಿಂದ ಒಂದು ವಾರದಲ್ಲಿ 133 ಯೆಹೂದ್ಯರೂ 116 ಅರಬರೂ ಸತ್ತರು. ಹೆಬ್ರಾನಿನಲ್ಲಿ ಮಾತ್ರವೇ 67 ಮಂದಿ ಯೆಹೂದ್ಯರ ಕೊಲೆಯಾಯಿತು. ಆ ಊರಿನಲ್ಲಿಯೇ ಅನೇಕ ಅರಬ್ ಕುಟುಂಬಗಳು ನೆರೆಯವರನ್ನು ಮನೆಯೊಳಗೆ ಬಚ್ಚಿಟ್ಟು ಉಳಿಸಿದುವೆಂಬುದನ್ನೂ ಹೇಳದಿದ್ದರೆ ತಪ್ಪಾದೀತು.

ತರುವಾಯ ಸ್ವೀಡನ್, ಸ್ವಿಟ್ಜರ್ಲೆಂಡ್, ಹಾಲೆಂಡುಗಳ ಮೂವರು ಸದಸ್ಯರ ಅಂತರರಾಷ್ಟ್ರೀಯ ಆಯೋಗವೊಂದು ಬಂದು ಸಾಕ್ಷ್ಯಗಳನ್ನು ಕೇಳಿ, ಗೋಡೆ ಮುಸಲ್ಮಾನರದು, ಪ್ರಾರ್ಥನೆಯ ಪ್ರವೇಶ ಯೆಹೂದ್ಯರದು, ಪರದೆ ಕುರ್ಚಿಗಳು ಕೂಡವು, ಟಗರಿನ ಕೊಂಬನ್ನು ಊದಕೂಡದು ಎಂದು ವಿಧಿಸಿತು. ಆ ಮೇಲೆ ಪ್ರತಿವರ್ಷ ಉಪವಾಸದ ಸಂಜೆ ಯಾರಾದರೊಬ್ಬ ಹುಡುಗನು ಅಂಗಿಯೊಳಗೆ ಕೊಂಬನ್ನು ಅಡಗಿಸಿ ತಂದು ಊದುವುದೂ ಪೊಲೀಸರು ಅವನನ್ನು ಹಿಡಿಯುವುದೂ ಒಂದು ಹೊಸ ವಾಡಿಕೆಯಾಯಿತು. ಆಯೋಗದವರ ತೀರ್ಪಿನಲ್ಲಿ ದೋಷವೇನನ್ನೂ ನಾನು ಕಾಣೆ. ಆದರೆ ಕೇಳಿದ್ದ ಪ್ರಶ್ನೆ ಕುರ್ಚಿಯದಾಗಿರಲಿಲ್ಲ.

1948ರ ಯುದ್ಧದ ತರುವಾಯ ನಗರವೇ ಎರಡಾಯಿತು. ಇಸ್ರೇಲಿನ ಮೋಶೆ ದಯಾನ್, ಜೋರ್ಡಾನಿನ ಅಬ್ದುಲ್ಲ ಅಲ್ ತಲ್ ಎಂಬಿಬ್ಬರು ಸೇನಾನಿಗಳು ನವೆಂಬರಿನಲ್ಲಿ ನಕ್ಷೆಯೊಂದರ ಮೇಲೆ ತಂತಮ್ಮ ಗಡಿಯನ್ನು ಮೇಣದ ಪೆನ್ಸಿಲಿನಿಂದ ಎಳೆದರು. ಆ ದಪ್ಪಗೆರೆಯ ಅಗಲಕ್ಕೆ ನೆಲದ ಮೇಲೆ ಹತ್ತಾರು ಮೀಟರುಗಳ ಬೀದಿಮನೆಗಳು ಸಿಕ್ಕಿಬಿದ್ದು ಯಾರಿಗೂ ಸೇರದ ಸೀಮೆಯಾದವು. ಗೋಡೆಯಲ್ಲಿ ಪ್ರಾರ್ಥಿಸಲು ಅವಕಾಶ ಕಲ್ಪಿಸಬೇಕೆಂಬುದನ್ನು 1949ರ ಕದನವಿರಾಮದ ಕರಾರಿನ ಎಂಟನೆಯ ವಿಧಿ ಗಮನದಲ್ಲಿಟ್ಟಿದ್ದರೂ ಮುಂದಿನ ಹತ್ತೊಂಬತ್ತು ವರ್ಷ ಯೆಹೂದ್ಯರು ಅದನ್ನು ದೂರದ ದಿಬ್ಬದಿಂದ ನೋಡಬೇಕಾಯಿತು. ಅವರ ಕೇರಿಯ ಹುರ್ವಾ ಮೊದಲಾದ ಪ್ರಾರ್ಥನಾಮಂದಿರಗಳು ನೆಲಸಮವಾದವು, ಆಲಿವ್ ಗುಡ್ಡದ ಸಮಾಧಿಗಲ್ಲುಗಳು ಕಟ್ಟಡದ ಕೆಲಸಕ್ಕೆ ಹೋದವು. 1967ರ ಜೂನಿನಲ್ಲಿ ಇಸ್ರೇಲ್ ಗೆದ್ದಿತು. ಯುದ್ಧ ಮುಗಿದ ರಾತ್ರಿಯೇ ಬುಲ್ಡೋಜರುಗಳು ಬಂದು, ಸಲಾಹುದ್ದೀನನ ಮಗನ ಕಾಲದಿಂದ ಇದ್ದ ಮೊರೊಕ್ಕೊ ಕೇರಿಯ 135 ಮನೆಗಳನ್ನು ಉರುಳಿಸಿ, ಅಲ್ಪಾವಧಿಯ ಎಚ್ಚರಿಕೆ ಪಡೆದ ನಿವಾಸಿಗಳನ್ನು ಹೊರಗಟ್ಟಿ, ಓಣಿಯನ್ನು ಚೌಕವನ್ನಾಗಿ ಮಾಡಿದವು. ಈಗ ಅಲ್ಲಿ ಕುರ್ಚಿಗಳೂ ಇವೆ, ಪರದೆಯೂ ಇದೆ. ಬಹುಮಂದಿ ಯೆಹೂದ್ಯರಿಗೆ ಆ ಚೌಕದಲ್ಲಿ ನಿಂತಾಗ ಆಗುವ ರೋಮಾಂಚವು ಕಪಟವಲ್ಲ. ಅದರ ಕೆಳಗೆ ಜನರ ಅಡುಗೆಮನೆಗಳಿದ್ದುವೆಂಬುದೂ ಕಪಟವಲ್ಲ.

ಗೆದ್ದ ದಯಾನನೇ ಹರಮ್ ವಿಷಯದಲ್ಲಿ ಬೇರೊಂದು ಬಗೆಯ ವಿವೇಕವನ್ನು ತೋರಿದನು. ಮೇಲೆ ಹಾರಿಸಿದ್ದ ಇಸ್ರೇಲಿ ಬಾವುಟವನ್ನು ಇಳಿಸಿಸಿ, ಆವರಣದ ಆಡಳಿತವನ್ನು ವಕ್ಫಿಗೇ ಬಿಟ್ಟನು: ಎಲ್ಲರೂ ನೋಡಬಹುದು, ಪ್ರಾರ್ಥಿಸುವವರು ಮುಸಲ್ಮಾನರು ಮಾತ್ರ. ಉಮರನ ಕಥೆಯ ತರ್ಕವೇ ಮತ್ತೆ, ಈ ಸಲ ತಿರುಗುಮುರುಗಾಗಿ. ಇಸ್ರೇಲಿನ ಮುಖ್ಯ ರಬ್ಬಿಗಳೂ, ಅಲ್ಲಿಯೇ ಇದ್ದ ತಮ್ಮ ಪುರಾತನ ದೇವಾಲಯದ ಗರ್ಭಗೃಹದ ಜಾಗವನ್ನು ಅಶುದ್ಧರು ತುಳಿದಾರೆಂಬ ಭಯದಿಂದ, ಯೆಹೂದ್ಯರು ಪ್ರವೇಶಿಸಕೂಡದೆಂದು ಬಾಗಿಲಲ್ಲಿ ಫಲಕ ಹಾಕಿಸಿದರು. ಎರಡು ಮಡಿವಂತಿಕೆಗಳು ಹೊಂದಿಕೊಂಡು ಬಹುಕಾಲ ಶಾಂತಿಯನ್ನು ಕಾಪಾಡಿದುವು. 1969ರಲ್ಲಿ ಆಸ್ಟ್ರೇಲಿಯದ ಕ್ರೈಸ್ತನೊಬ್ಬನು ಅಲ್ ಅಕ್ಸಾಕ್ಕೆ ಬೆಂಕಿಯಿಟ್ಟು ಸಲಾಹುದ್ದೀನನು ತರಿಸಿದ್ದ ಪ್ರವಚನಪೀಠವನ್ನು ಭಸ್ಮಮಾಡಿದನು. 2000ದ ಸೆಪ್ಟೆಂಬರಿನಲ್ಲಿ ಇಸ್ರೇಲಿನ ರಾಜಕಾರಣಿ ಏರಿಯಲ್ ಶರೋನರು ನೂರಾರು ಪೊಲೀಸರೊಡನೆ ಅಲ್ಲಿ ಸಂಚರಿಸಿದುದು ವರ್ಷಗಟ್ಟಲೆಯ ರಕ್ತಪಾತಕ್ಕೆ ಮುಖವಾಯಿತು. ಇತ್ತೀಚೆಗೆ ಮಂತ್ರಿಪದವಿಯಲ್ಲಿರುವವರೇ ಮೇಲೆ ಹೋಗಿ ಪ್ರಾರ್ಥನೆಯ ಹಕ್ಕನ್ನು ಘೋಷಿಸುತ್ತಿದ್ದಾರೆ. ಬೀದಿಯಲ್ಲಿ ಕ್ರೈಸ್ತ ಗುರುಗಳನ್ನು ಕಂಡು ಉಗುಳುವ ಕೆಲವು ಯೆಹೂದಿ ತರುಣರ ದುರಭ್ಯಾಸವೂ ಬೆಳೆದು 2023ರಲ್ಲಿ ಪೊಲೀಸರು ಕೆಲವರನ್ನು ಬಂಧಿಸಬೇಕಾಯಿತು. ಉಗುಳುವ ಹುಡುಗನನ್ನು ಅವನ ಹಿರಿಯರೇ ಗದರಿಸಬಲ್ಲರು. ಮಂತ್ರಿಯನ್ನು ಗದರಿಸುವವರು ಯಾರು?

ಕೊನೆಯದಾಗಿ ಒಂದು ಕುರ್ಚಿಯ ವಿಚಾರ. ಸಮಾಧಿ ದೇವಾಲಯದ ಒಂದು ಭಾಗದ ತಾರಸಿಯ ಮೇಲೆ ದೇರ್ ಎಸ್ ಸುಲ್ತಾನ್ ಎಂಬ ಬಡಮಠವಿದೆ. ಇಥಿಯೋಪಿಯದ ಕೆಲವು ಸನ್ಯಾಸಿಗಳು ಅಲ್ಲಿ ತಗ್ಗುಬಾಗಿಲಿನ ಗುಡಿಸಲುಗಳಲ್ಲಿ ವಾಸಿಸುತ್ತಾರೆ. ಅದು ತಮ್ಮದೆಂದು ಈಜಿಪ್ಟಿನ ಕಾಪ್ಟರು ವಾದಿಸುತ್ತಾರೆ. 1970ರ ಈಸ್ಟರ್ ರಾತ್ರಿ ಕಾಪ್ಟರು ಕೆಳಗೆ ಪೂಜೆಯಲ್ಲಿದ್ದಾಗ ಇಥಿಯೋಪಿಯನರು ಮೇಲಿನ ಬಾಗಿಲುಗಳ ಬೀಗಗಳನ್ನು ಬದಲಾಯಿಸಿಬಿಟ್ಟರು. ಅಂದಿನಿಂದ ತನ್ನ ಪಂಗಡದ ಹಕ್ಕಿನ ಗುರುತಾಗಿ ಕಾಪ್ಟ್ ಸನ್ಯಾಸಿಯೊಬ್ಬನು ತಾರಸಿಯ ಮೇಲೆ ನಿಯತ ಸ್ಥಳದಲ್ಲಿ ಕುರ್ಚಿ ಹಾಕಿ ಕೂರುತ್ತಾನೆ. 2002ರ ಜುಲೈ ತಿಂಗಳ ಸುಡುಬಿಸಿಲಿನಲ್ಲಿ ಆತನು ಕುರ್ಚಿಯನ್ನು ನೆರಳಿಗೆ ಸರಿಸಿದನು. ಹೊಡೆದಾಟದಲ್ಲಿ ಹನ್ನೊಂದು ಮಂದಿ ಆಸ್ಪತ್ರೆ ಸೇರಿದರು.

ಬೀಗ ಬದಲಾದ ಕಾಲದಲ್ಲಿ ಈಜಿಪ್ಟು ಇಸ್ರೇಲಿನ ವೈರಿ, ಚಕ್ರವರ್ತಿ ಹೈಲೆ ಸೆಲಾಸಿಯ ಇಥಿಯೋಪಿಯ ಮಿತ್ರ. 1971ರಲ್ಲಿ ಇಸ್ರೇಲಿನ ಉಚ್ಚ ನ್ಯಾಯಾಲಯವು ಬೀಗದ ಕೈಗಳನ್ನು ಕಾಪ್ಟರಿಗೆ ಹಿಂತಿರುಗಿಸಬೇಕೆಂದು ಹೇಳಿ, ಆಜ್ಞೆಯ ಜಾರಿಯನ್ನು ಮುಂದೂಡುವ ಅವಕಾಶವನ್ನು ಸರಕಾರಕ್ಕೆ ಕೊಟ್ಟಿತು. 1979ರಲ್ಲಿ ಈಜಿಪ್ಟಿನೊಡನೆ ಶಾಂತಿಯೊಪ್ಪಂದವಾಯಿತು. ಬೀಗದ ಕೈಗಳು ಮಾತ್ರ ಹಿಂತಿರುಗಲಿಲ್ಲ. ಕಾಪ್ಟರ ಗುರು ಮೂರನೆಯ ಶೆನೂದರು ತಮ್ಮವರಾರೂ ಜೆರುಸಲೆಮ್ ಯಾತ್ರೆ ಮಾಡಕೂಡದೆಂದು ವಿಧಿಸಿದರು. 2017ರಲ್ಲಿ ಮಠದ ಚಾವಣಿಯಿಂದ ಕಲ್ಲುಗಳು ಉದುರಿದುವು; ಎರಡು ಪಂಗಡಗಳೂ ತಾವೇ ರಿಪೇರಿ ಮಾಡಿಸುವೆವೆಂದು ಹೊರಟುದರಿಂದ ಇಬ್ಬರೂ ಮಾಡಿಸುವಂತಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಸರಕಾರದ ಕೆಲಸಗಾರರು ಬಂದಾಗ ಕಾಪ್ಟ್ ಸನ್ಯಾಸಿಗಳು ಬಾಗಿಲಿಗೆ ಅಡ್ಡಲಾಗಿ ನಿಂತರು, ಪೊಲೀಸರು ಒಬ್ಬರನ್ನು ನೆಲದ ಮೇಲೆ ಎಳೆದು ಕೈಕೋಳ ತೊಡಿಸಿದರು, ಕೈರೋದಿಂದ ಪ್ರತಿಭಟನೆಯ ಪತ್ರ ಬಂದಿತು. 1971ರ ಆ ತೀರ್ಪು ಇನ್ನೂ ಜಾರಿಯಾಗಿಲ್ಲ.